ಕಾವಿನ ಗಂಟಿಗೆ ಉಪ್ಪೋ, ರಾಗಿಯೋ?

ಪರೀಕ್ಷೆಗೆ ಇನ್ನು ಹದಿನೈದೇ ದಿನ. ರಾತ್ರಿ ಹನ್ನೊಂದರ ತನಕ ತಲೆ ಬಗ್ಗಿಸಿ ಭೌತಶಾಸ್ತ್ರ ಓದಿದ ಹುಡುಗಿಗೆ ಬೆಳಿಗ್ಗೆ ಎದ್ದರೆ ಕತ್ತು ಎಡಕ್ಕೆ ತಿರುಗುತ್ತಿಲ್ಲ. ‘ಉಪ್ಪಿನ ಗಂಟು ಕಟ್ಟಿ ಕಾವು ಕೊಟ್ಕೊ ಪುಟ್ಟಿ, ಮಧ್ಯಾಹ್ನದೊಳಗೆ ಸರಿಹೋಗುತ್ತೆ’ ಎನ್ನುತ್ತಾರೆ ಅಜ್ಜಿ. ಹುಡುಗಿಗೆ ಬಾಣಲೆ ಹುಡುಕುವ, ಉಪ್ಪು ಹುರಿಯುವ ವ್ಯವಧಾನವಿಲ್ಲ. ಬಟ್ಟೆಯಲ್ಲಿ ಕಲ್ಲುಪ್ಪು ಕಟ್ಟಿ, ಅಡುಗೆಮನೆಯ ಮೈಕ್ರೋವೇವ್ ಒಲೆಯೊಳಗಿಟ್ಟು ಎರಡು ನಿಮಿಷಕ್ಕೆ ಗುಂಡಿ ಒತ್ತುತ್ತಾಳೆ. ಒಲೆ ಗುಂಯ್‌ಗುಟ್ಟಿ ನಿಂತ ಮೇಲೆ ತೆಗೆದು ನೋಡಿದರೆ ಗಂಟು ಬೆಚ್ಚಗಾಗಿದೆ ಎಂದರೆ ಆಗಿದೆ, ಇಲ್ಲವೆಂದರೆ ಇಲ್ಲ. ಅಜ್ಜಿಯ ಬಾಣಲೆಯಲ್ಲಿ ಕೈ ಸುಡುವಷ್ಟು ಕಾಯುವ ಉಪ್ಪು ಈ ಆಧುನಿಕ ಒಲೆಯಲ್ಲೇಕೆ ಮುನಿಸಿಕೊಂಡಿತು?

ಈ ಪ್ರಶ್ನೆಗೆ ಉತ್ತರ ಆಕೆ ಹಿಂದಿನ ರಾತ್ರಿ ಓದಿದ ಪುಸ್ತಕದಲ್ಲೇ ಇದೆ. ಆ ಉತ್ತರ ಗೊತ್ತಿದ್ದರೆ ಮನೆಯಲ್ಲೇ ಒಳ್ಳೆಯ ಕಾವಿನ ಚೀಲ ಹೊಲಿದುಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಚೀಲ ಬಿಸಿಯಾಗದೇ ಹೋಗಬಹುದು. ಅಥವಾ ಹೊದಿಕೆಯೊಳಗೆ ಹೊಗೆಯಾಡಲೂಬಹುದು. ಎರಡನೆಯದು ಉತ್ಪ್ರೇಕ್ಷೆಯ ಮಾತಲ್ಲ. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಚಳಿಗಾಲ ಬಂತೆಂದರೆ ಅಗ್ನಿಶಾಮಕ ದಳದವರು ಇಂಥ ಗೋಧಿ ಚೀಲಗಳ ಬಗ್ಗೆ ಜನರನ್ನು ಎಚ್ಚರಿಸುತ್ತಾರೆ. ಬ್ರಿಟನ್ನಿನಲ್ಲಂತೂ 2004ರಲ್ಲಿ ಇವುಗಳಿಗೆಂದೇ ‘ಬಿಎಸ್ 8433’ ಎಂಬ ರಾಷ್ಟ್ರೀಯ ಮಾನಕ ಹೊರಬಂತು. ಒಂದು ಹಿಡಿ ಕಾಳು ತುಂಬಿದ ಬಟ್ಟೆ ಚೀಲಕ್ಕೆ ಸರ್ಕಾರಿ ಮಟ್ಟದ ಮಾನಕ ಬೇಕಾಯಿತೆಂದರೆ ಅದರಲ್ಲಿ ಏನೋ ವಿಷಯವಿದೆ ಎಂದೇ ಅರ್ಥ.

ಕಾವು ಕೊಡುವುದು ನಮಗೆ ಹೊಸದಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಪೂರ್ತಿ ಸ್ವೇದನಕ್ಕೇ ಮೀಸಲು. ಅಲ್ಲಿ 13 ಬಗೆಯ ಸ್ವೇದಗಳ ವಿವರವಿದೆ. ಎಳ್ಳು, ಉದ್ದು, ಹುರುಳಿಗಳ ಉಂಡೆಯಿಂದ ಹಿಡಿದು ಮರಳಿನವರೆಗೆ ಯಾವುದರಿಂದ ಕಾವು ಕೊಡಬಹುದು ಎಂಬ ಪಟ್ಟಿಯಿದೆ. ನಮ್ಮ ಮನೆಗಳಲ್ಲಿ ಹುರುಳಿ ಗಂಟು, ಮಂಡಿಗೆ ಎಕ್ಕದ ಎಲೆ, ಹಿಮ್ಮಡಿಗೆ ಬಿಸಿ ಇಟ್ಟಿಗೆ, ಮಗುವಿನ ಎದೆಗೆ ಓಮದ ಪೊಟ್ಟಣ ಎಲ್ಲವೂ ನಡೆದುಬಂದಿವೆ. ಇವೆಲ್ಲ ಬೆಂಕಿಯ ಒಲೆಗೆ ಹೊಂದಿಕೊಂಡ ಪದ್ಧತಿಗಳು. ಒಲೆ ಬದಲಾದರೆ ಗಂಟಿನೊಳಗಿನ ಸರಕೂ ಬದಲಾಗಬೇಕು.

ನೀರಿದ್ದರೆ ಬಿಸಿ

ಬಾಣಲೆಯಲ್ಲಿ ಶಾಖ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಕಬ್ಬಿಣ ಕಾಯುತ್ತದೆ, ಅದಕ್ಕೆ ತಾಗಿದ ಉಪ್ಪು ಕಾಯುತ್ತದೆ. ಅಲ್ಲಿ ಉಪ್ಪೇನು, ಮರಳೇನು, ಕಲ್ಲೇನು, ಎಲ್ಲವೂ ಸಮಾನ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಅಕ್ಕಿ ಅರಳುವುದು ಕಾದ ಮರಳಿನಲ್ಲೇ.

ಮೈಕ್ರೋವೇವ್ ಒಲೆಯ ದಾರಿಯೇ ಬೇರೆ. ಅದರೊಳಗೆ ಬೆಂಕಿಯಿಲ್ಲ, ಕಾದ ತಂತಿಯಿಲ್ಲ. ರೇಡಿಯೊ ಅಲೆಗಳ ಜಾತಿಗೆ ಸೇರಿದ, 2450 ಮೆಗಾಹರ್ಟ್ಸ್ ಆವೃತ್ತಿಯ ಅಲೆಗಳಿವೆ. ಅಮೆರಿಕದ ರೇಥಿಯಾನ್ ಕಂಪೆನಿಯಲ್ಲಿ ರೇಡಾರ್ ಯಂತ್ರದ ಪಕ್ಕ ನಿಂತಿದ್ದ ಪರ್ಸಿ ಸ್ಪೆನ್ಸರ್‌ನ ಜೇಬಿನಲ್ಲಿ ಚಾಕೊಲೇಟು ಕರಗಿದ್ದು 1945ರಲ್ಲಿ. ಎರಡೇ ವರ್ಷಕ್ಕೆ ಮೊದಲ ಒಲೆ ಮಾರುಕಟ್ಟೆಗೆ ಬಂತು. ಈ ಅಲೆಗಳಿಗೆ ತುಂಬಾ ಇಷ್ಟವಾದ ಆಹಾರ ನೀರು. ನೀರಿನ ಅಣುವಿನ ಒಂದು ತುದಿಗೆ ತುಸು ಧನ, ಇನ್ನೊಂದು ತುದಿಗೆ ತುಸು ಋಣ ವಿದ್ಯುದಂಶವಿದೆ. ಅಲೆಯ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಕೋಟ್ಯಂತರ ಬಾರಿ ದಿಕ್ಕು ಬದಲಿಸಿದಂತೆಲ್ಲ ಅಣುಗಳೂ ತಿರುಗಲು ಹೆಣಗುತ್ತವೆ, ಪಕ್ಕದವುಗಳಿಗೆ ಡಿಕ್ಕಿ ಹೊಡೆಯುತ್ತವೆ, ಬಿಸಿಯಾಗುತ್ತವೆ. ಒಣಗಿದ ಉಪ್ಪಿನ ಹರಳಿನಲ್ಲಿ ಹೀಗೆ ತಿರುಗಾಡಲು ಯಾರೂ ಇಲ್ಲ. ಸೋಡಿಯಂ, ಕ್ಲೋರಿನ್‌ಗಳು ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿವೆ. ಮರಳಿನದೂ ಇದೇ ಕಥೆ. ಅಲೆಗಳ ಪಾಲಿಗೆ ಇವು ಕಿಟಕಿಯ ಗಾಜಿದ್ದಂತೆ. ತೇವ ಎಳೆದುಕೊಂಡ ಉಪ್ಪು ಅಷ್ಟಿಷ್ಟು ಬೆಚ್ಚಗಾದೀತು, ಅಷ್ಟೆ. ಹೀರುವ ವಸ್ತುವಿಲ್ಲದೆ ಒಲೆಯನ್ನು ಬಹಳ ಹೊತ್ತು ಓಡಿಸಿದರೆ ಅಲೆಗಳು ಹಿಂದಿರುಗಿ ಒಲೆಯ ಮ್ಯಾಗ್ನೆಟ್ರಾನನ್ನೇ ಹಾಳುಮಾಡುವ ಅಪಾಯವೂ ಇದೆ.

ಕಾಳುಗಳ ಮಾತು ಬೇರೆ. ಡಬ್ಬದಲ್ಲಿಟ್ಟ ಅಕ್ಕಿ, ರಾಗಿ, ಗೋಧಿ ಕೈಗೆ ಒಣಗಿದಂತೆ ಕಂಡರೂ ತೂಕದಲ್ಲಿ ಸುಮಾರು ನೂರಕ್ಕೆ 12ರಷ್ಟು ನೀರೇ. ಅರ್ಧ ಕಿಲೊ ಕಾಳಿನಲ್ಲಿ 60 ಗ್ರಾಂ, ಎಂದರೆ ಸಣ್ಣ ಲೋಟದ ಕಾಲು ಭಾಗದಷ್ಟು ನೀರು ಅಡಗಿ ಕೂತಿದೆ. ಕಾವಿನ ಚೀಲದ ಗುಟ್ಟೆಲ್ಲ ಈ 60 ಗ್ರಾಂನಲ್ಲಿದೆ. ಅದರ ಅಪಾಯವೂ ಅಲ್ಲೇ ಇದೆ, ಆ ಮಾತು ಮುಂದೆ.

ಬಿಸಿಯಾದರಷ್ಟೇ ಸಾಲದು, ಬಿಸಿ ನಿಲ್ಲಬೇಕು. ಪಿಯುಸಿ ಪುಸ್ತಕದ ‘ವಿಶಿಷ್ಟ ಉಷ್ಣ’ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು. ಕಾಳುಗಳಿಗೆ ಸುಮಾರು 1.8, ಉಪ್ಪಿಗೆ 0.86, ಮರಳಿಗೂ ಹೆಚ್ಚುಕಡಿಮೆ ಅಷ್ಟೆ. ಅರ್ಧ ಕಿಲೊ ಚೀಲವೊಂದು 60 ಡಿಗ್ರಿಯಿಂದ 35 ಡಿಗ್ರಿಗೆ ಇಳಿಯುವಷ್ಟರಲ್ಲಿ ಎಷ್ಟು ಶಾಖ ಕೊಡುತ್ತದೆಂದು ಲೆಕ್ಕ ಹಾಕಿ: ನೀರು ಸುಮಾರು 52,000 ಜೂಲ್, ಕಾಳು 22,500, ಉಪ್ಪು 10,750. ಅಂದರೆ ಬಾಣಲೆಯಲ್ಲಿ ಹುರಿದ ಉಪ್ಪು ಕೂಡ ಅದೇ ತೂಕದ ಕಾಳಿನ ಅರ್ಧದಷ್ಟು ಕಾವನ್ನೂ ಕೊಡಲಾರದು. ಅಜ್ಜಿ ಎರಡು ಗಂಟು ಕಟ್ಟಿ, ಒಂದು ಒಲೆಯ ಮೇಲೆ ಒಂದು ಮೈಮೇಲೆ ಎಂದು ಅದಲುಬದಲು ಮಾಡುತ್ತಿದ್ದುದು ಸುಮ್ಮನೆ ಅಲ್ಲ.

ಹಾಗಿದ್ದರೆ ನೀರೇ ಒಳ್ಳೆಯದಲ್ಲವೆ? ಶಾಖದ ಲೆಕ್ಕದಲ್ಲಿ ಹೌದು. ರಬ್ಬರಿನ ಬಿಸಿನೀರಿನ ಚೀಲ ಇಂದಿಗೂ ಉತ್ತಮವೇ. ಆದರೆ ಅದು ಕತ್ತಿಗೆ ಸುತ್ತಿ ಕೂರುವುದಿಲ್ಲ, ರಬ್ಬರು ಹಳತಾದರೆ ಸೀಳುತ್ತದೆ, ಮುಚ್ಚಳ ಸಡಿಲವಾದರೆ ಕುದಿನೀರು ಮೈಮೇಲೆ. ಅದನ್ನು ಮೈಕ್ರೋವೇವ್ ಒಲೆಯೊಳಗೆ ಇಡಕೂಡದು. ಕತ್ತು, ಭುಜ, ಮಂಡಿಯಂಥ ಸೊಟ್ಟ ಜಾಗಗಳಿಗೆ ಕಾಳಿನ ಚೀಲವೇ ಸಲೀಸು.

ಯಾವ ಕಾಳು?

ಹೊರದೇಶಗಳಲ್ಲಿ ಗೋಧಿ, ಅಕ್ಕಿ, ಅಗಸೆ ಬೀಜಗಳನ್ನು ತುಂಬುವ ರೂಢಿಯಿದೆ. ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಚೆರ್ರಿ ಹಣ್ಣಿನ ಬೀಜಗಳನ್ನು ತೊಳೆದು ಒಣಗಿಸಿ ತುಂಬುತ್ತಾರೆ. ನಮ್ಮ ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಆಯ್ಕೆ ಇನ್ನೂ ದೊಡ್ಡದು.

ಅಕ್ಕಿ ಎಲ್ಲರ ಮನೆಯಲ್ಲೂ ಇದೆ, ಬೇಗ ಬಿಸಿಯಾಗುತ್ತದೆ. ಆದರೆ ನುಸಿ, ಮೂತಿಹುಳ ಅದಕ್ಕೆ ಬಲು ಬೇಗ ಹತ್ತುತ್ತವೆ. ಬಿಸಿಯಾದಾಗ ಅನ್ನದ ವಾಸನೆ ಬರುತ್ತದೆ. ಹಸಿದ ಹೊತ್ತಿನಲ್ಲಿ ಓದುವವರಿಗೆ ಇದೂ ಒಂದು ತೊಂದರೆಯೇ. ಗೋಧಿಯೂ ಸುಮಾರಾಗಿ ಹೀಗೆಯೇ. ಹುರುಳಿ ಗಟ್ಟಿ ಕಾಳು, ಧೂಳು ಕಡಿಮೆ, ಬಟ್ಟೆಯಿಂದ ಸೋರುವುದಿಲ್ಲ. ಸೊಂಟ, ಬೆನ್ನಿಗೆ ಚೆನ್ನಾಗಿ ಒಪ್ಪುತ್ತದೆ. ಕತ್ತಿಗೆ ಮಾತ್ರ ಸ್ವಲ್ಪ ಒತ್ತುತ್ತದೆ.

ಅಗಸೆ ಬೀಜ ನುಣುಪು, ಚಪ್ಪಟೆ. ಚೀಲದಲ್ಲಿ ನೀರಿನಂತೆ ಜಾರಿ ಮೈಗೆ ಅಂಟಿಕೊಳ್ಳುತ್ತದೆ. ಮುಟ್ಟಲು ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಆದರೆ ಅದರ ತೂಕದಲ್ಲಿ ನೂರಕ್ಕೆ 40ರಷ್ಟು ಎಣ್ಣೆ. ಮತ್ತೆ ಮತ್ತೆ ಬಿಸಿಯಾದ ಎಣ್ಣೆಗೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಎಳ್ಳು, ಸಾಸಿವೆಗಳಿಗೂ ಇದೇ ದೋಷ. ಎಳೆಮಗುವಿನ ತಲೆದಿಂಬಿಗೆ ಸಾಸಿವೆ ತುಂಬುತ್ತಾರಲ್ಲ ಎಂದು ಆ ದಿಂಬನ್ನೇ ಒಲೆಯೊಳಗೆ ಇಡಬಾರದು. ಒಗ್ಗರಣೆಯಲ್ಲಿ ಚಟಪಟ ಎನ್ನುವ ಸಾಸಿವೆ ಚೀಲದಲ್ಲಿ ಸುಮ್ಮನಿರುತ್ತದೆಂಬ ಭರವಸೆಯೇನೂ ಇಲ್ಲ. ಅರಳುವ ಜಾತಿಯ ಮೆಕ್ಕೆಜೋಳವಂತೂ ಬೇಡವೇ ಬೇಡ. ನಾಗರಪಂಚಮಿಗೆ ಅರಳು ಹುರಿಯುವ ಜೋಳಕ್ಕೂ ಅದೇ ಮಾತು. ಭತ್ತದ ಹೊಟ್ಟು ಚುಚ್ಚುತ್ತದೆ. ಮಂಡಕ್ಕಿ, ಅವಲಕ್ಕಿ ಹಗುರ. ಕಾವು ಹಿಡಿದಿಡಲು ಅವುಗಳಲ್ಲಿ ಸರಕೇ ಇಲ್ಲ.

ಉಳಿಯುವುದು ರಾಗಿ. ಎಲ್ಲ ಲೆಕ್ಕ ನೋಡಿದರೆ ನಮ್ಮ ಮನೆಗಳಿಗೆ ಇದೇ ಒಳ್ಳೆಯ ಆಯ್ಕೆ. ಕಾಳು ಒಂದೆರಡು ಮಿಲಿಮೀಟರು ಮಾತ್ರ. ಒತ್ತೊತ್ತಾಗಿ ಕೂರುತ್ತದೆ, ನಡುವೆ ಗಾಳಿ ಆಡುವುದಕ್ಕೆ ಜಾಗ ಕಡಿಮೆ, ಮೈಗೆ ಸಮವಾಗಿ ತಾಗುತ್ತದೆ. ಎಣ್ಣೆಯಂಶ ತೀರಾ ಕಡಿಮೆ, ಹಾಗಾಗಿ ಕಮಟಿನ ಭಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಹುಳ ಹಿಡಿಯುವುದು ಅಪರೂಪ. ಹಳೆಯ ಮೈಸೂರು ಸೀಮೆಯ ರೈತರು ನೆಲದೊಳಗಿನ ಹಗೇವುಗಳಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಬೇರೆ ಯಾವ ಕಾಳಿಗೂ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ. ರಾಗಿಯ ದೋಷ ಎರಡು. ಸಡಿಲ ನೇಯ್ಗೆಯ ಬಟ್ಟೆಯಿಂದ ಸೋರುತ್ತದೆ. ಕೆಂಪು ಧೂಳು ಬಿಳಿ ಬಟ್ಟೆಗೆ ಹತ್ತುತ್ತದೆ. ಮೊದಲೇ ಜರಡಿ ಹಿಡಿದು, ಒಂದು ದಿನ ನೆರಳಿನಲ್ಲಿ ಹರಡಿ ತುಂಬಿದರೆ ಧೂಳು ಬಹುಮಟ್ಟಿಗೆ ಹೋಗುತ್ತದೆ. ರಾಗಿಯೂ ಅರಳುವ ಕಾಳೇ, ಹುರಿಹಿಟ್ಟು ಮಾಡುವವರಿಗೆ ಗೊತ್ತು. ಆದರೆ ಅದು ಅರಳಬೇಕಾದರೆ 200 ಡಿಗ್ರಿ ದಾಟಬೇಕು. ಚೀಲದೊಳಗಿನಿಂದ ‘ಚಟ್’ ಎಂಬ ಸದ್ದು ಬಂದರೆ ಹದ ಎಷ್ಟೋ ಮೀರಿತೆಂದೇ ತಿಳಿದು ಒಲೆ ಆರಿಸಬೇಕು.

ಬಟ್ಟೆಯ ಪರೀಕ್ಷೆ

ಕಾಳು ಆರಿಸಿದಷ್ಟೇ ಎಚ್ಚರದಿಂದ ಬಟ್ಟೆಯನ್ನೂ ಆರಿಸಬೇಕು. ಪಾಲಿಯೆಸ್ಟರ್, ನೈಲಾನ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿಯೆಂದು ಅಂಗಡಿಯವರು ಕೊಟ್ಟ ಬಟ್ಟೆಯಲ್ಲೂ ಬೆರಕೆ ಇರಬಹುದು. ದರ್ಜಿಗಳು ಮಾಡುವ ಪರೀಕ್ಷೆ ಸುಲಭ: ಒಂದೆರಡು ಎಳೆ ಎಳೆದು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರಾದರೆ ಮುದುಡಿ ಗಟ್ಟಿ ಮಣಿಯಾಗುತ್ತದೆ. ಈ ಕೆಲಸ ಮಕ್ಕಳು ದೊಡ್ಡವರ ಎದುರಿಗೇ ಮಾಡಲಿ. ಹೊಲಿಯುವ ದಾರವೂ ಹತ್ತಿಯದೇ ಆಗಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅಜ್ಜಿಯ ಹಳೆಯ ಸೀರೆಯ ಸೆರಗು ಚೆಂದವೆಂದು ಕತ್ತರಿಸುವ ಮೊದಲು ಜರಿ ಇದೆಯೇ ನೋಡಬೇಕು. ಜರಿಯಲ್ಲಿ ಲೋಹದ ಎಳೆಯಿದ್ದರೆ ಒಲೆಯೊಳಗೆ ಕಿಡಿ ಹಾರುತ್ತದೆ. ಹುಕ್ಕು, ಝಿಪ್ಪು, ಪ್ರೆಸ್ ಬಟನ್ನು, ಮರೆತು ಉಳಿದ ಗುಂಡುಪಿನ್ನು ಎಲ್ಲಕ್ಕೂ ಇದೇ ನಿಷೇಧ.

ಒತ್ತು ನೇಯ್ಗೆಯ ಹತ್ತಿ ಪಾಪ್ಲಿನ್ ಅಥವಾ ಲಾಂಗ್‌ಕ್ಲಾತ್ ಸಾಕು. ಗಂಜಿ ಹೋಗುವಂತೆ ಒಗೆದು, ಪೂರ್ತಿ ಒಣಗಿಸಿ, 40 ಸೆಂಟಿಮೀಟರು ಉದ್ದ, 15 ಸೆಂಟಿಮೀಟರು ಅಗಲದ ಚೀಲ ಹೊಲಿಯಿರಿ. ಅಡ್ಡ ಹೊಲಿಗೆ ಹಾಕಿ ನಾಲ್ಕು ಗೂಡು ಮಾಡಿದರೆ ಕಾಳೆಲ್ಲ ಒಂದೇ ತುದಿಗೆ ಓಡುವುದಿಲ್ಲ. ಅರ್ಧ ಕಿಲೊ ರಾಗಿ ಇದಕ್ಕೆ ಹದ. ಬಿಗಿಯಾಗಿ ತುಂಬಿದರೆ ಚೀಲ ಬಾಗುವುದಿಲ್ಲ. ಮೇಲೊಂದು ಬಿಚ್ಚಿ ಒಗೆಯುವ ಗವಸು ಇರಲಿ. ಒಳಚೀಲ ಒಗೆಯಲು ಬರುವುದಿಲ್ಲ, ಒಗೆದರೆ ಮೊಳಕೆಯೋ ಬೂಷ್ಟೋ ಗ್ಯಾರಂಟಿ. ವಾಸನೆ ಬೇಕೆನ್ನುವವರು ಒಂದು ಚಮಚ ಓಮವನ್ನು ಆ ಗವಸಿನಲ್ಲಿ, ಒಲೆಯಿಂದ ತೆಗೆದ ಮೇಲೆ ಹಾಕಿಕೊಳ್ಳಲಿ. ನೀಲಗಿರಿ ಎಣ್ಣೆಯನ್ನು ಚೀಲಕ್ಕೆ ಸುರಿದು ಒಲೆಗಿಡುವುದು ಬೇಡ, ಅದು ಹೊತ್ತಿಕೊಳ್ಳುವ ವಸ್ತು.

ಹೊತ್ತಿಕೊಳ್ಳುವುದು ಹೇಗೆ?

800 ವಾಟಿನ ಒಲೆ ನಿಮಿಷಕ್ಕೆ 48,000 ಜೂಲ್ ಹೊರಡಿಸುತ್ತದೆ. ಅದರಲ್ಲಿ ಅರ್ಧ ಮಾತ್ರ ಚೀಲಕ್ಕೆ ಸೇರಿತೆನ್ನೋಣ. ಅರ್ಧ ಕಿಲೊ ಕಾಳನ್ನು 25ರಿಂದ 60 ಡಿಗ್ರಿಗೆ ಏರಿಸಲು 31,500 ಜೂಲ್ ಸಾಕು. ಒಂದೂಕಾಲು, ಒಂದೂವರೆ ನಿಮಿಷದ ಕೆಲಸ. ಐದು ನಿಮಿಷ ಇಟ್ಟರೆ ಏನಾಗುತ್ತದೆಂದು ಹುಡುಗರೇ ಲೆಕ್ಕ ಹಾಕಿ ನೋಡಲಿ. ಉತ್ತರ ನೂರು ಡಿಗ್ರಿ ದಾಟುತ್ತದೆ. ಅಷ್ಟರಲ್ಲಿ ಕಾಳಿನ ನೀರು ಆವಿಯಾಗತೊಡಗುತ್ತದೆ. ನೀರಿರುವ ತನಕ ಹೆಚ್ಚಿನ ಶಾಖವನ್ನು ಆವಿ ಹೊತ್ತೊಯ್ಯುತ್ತದೆ. ನೀರು ತೀರಿದ ಮೇಲೆ ಕಾಳು ಕರಿದಂತಾಗಿ ಇದ್ದಿಲಿನ ಹಾದಿ ಹಿಡಿಯುತ್ತದೆ.

ಇನ್ನೊಂದು ತೊಡಕು, ಒಲೆಯೊಳಗೆ ಬಿಸಿ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಇದನ್ನು ಕಣ್ಣಾರೆ ನೋಡಬೇಕೆ? ತಿರುಗುವ ತಟ್ಟೆಯನ್ನು ತೆಗೆದು, ಒಂದು ದೊಡ್ಡ ಹಸಿ ಹಪ್ಪಳವನ್ನು ಅಲುಗದಂತಿಟ್ಟು ಸ್ವಲ್ಪ ಹೊತ್ತು ಒಲೆ ಓಡಿಸಿ. ಕೆಲವೆಡೆ ಉಬ್ಬಿ ಬೆಳ್ಳಗಾಗಿರುತ್ತದೆ, ನಡುವೆ ಹಸಿಯಾಗೇ ಇರುತ್ತದೆ. ಬೆಂದ ಚುಕ್ಕೆಗಳ ನಡುವಣ ದೂರ ಸುಮಾರು 6 ಸೆಂಟಿಮೀಟರು, ಅಂದರೆ ಅಲೆಯ ತರಂಗದೂರದ ಅರ್ಧ. ಅದನ್ನು ಎರಡರಿಂದ ಗುಣಿಸಿ, ಆವೃತ್ತಿಯಿಂದ ಗುಣಿಸಿದರೆ ಬೆಳಕಿನ ವೇಗವೇ ಸಿಗುತ್ತದೆ! ಹಪ್ಪಳದಿಂದ ಬೆಳಕಿನ ವೇಗ ಅಳೆದ ಖುಷಿ ಒಂದೆಡೆಯಿರಲಿ, ಕಾವಿನ ಚೀಲಕ್ಕೆ ಇದರಲ್ಲೊಂದು ಪಾಠವಿದೆ. ಚೀಲ ದೊಡ್ಡದಾಗಿ ಗೋಡೆಗೆ ತಾಗಿ ತಟ್ಟೆ ತಿರುಗದೇ ಹೋದರೆ ಇದೇ ಚುಕ್ಕೆಗಳಲ್ಲಿ ಕಾಳು ಸೀಯುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಕಾಳು ಶಾಖವನ್ನು ಬೇಗ ಸಾಗಿಸುವ ವಸ್ತುವೂ ಅಲ್ಲ. ಒಳಗೇ ಕನಲುತ್ತಿರುವ ಚೀಲವನ್ನು ಹೊದಿಕೆಯೊಳಗಿಟ್ಟುಕೊಂಡು ನಿದ್ದೆ ಹೋದರೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಒಳಗೇ ಏರುತ್ತದೆ. ಬೆಂಕಿ ಒಲೆಯಲ್ಲಲ್ಲ, ಹಾಸಿಗೆಯಲ್ಲಿ ಹೊತ್ತಿಕೊಂಡ ಪ್ರಸಂಗಗಳು ಆದದ್ದು ಹೀಗೆ.

ಹಾಗಾಗಿ ಮೊದಲ ಸಲ ಒಂದೇ ನಿಮಿಷ. ತೆಗೆದು, ಕುಲುಕಿ, ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ, ಸಾಲದಿದ್ದರೆ ಇನ್ನೊಂದು 20 ಸೆಕೆಂಡು. ಗುಂಡಿ ಒತ್ತಿ ಬೇರೆ ಕೋಣೆಗೆ ಹೋಗಬಾರದು. ಗ್ರಿಲ್, ಕನ್ವೆಕ್ಷನ್ ಇರುವ ಒಲೆಯಾದರೆ ಅವೆರಡೂ ಆರಿವೆಯೇ ಎಂದು ಎರಡೆರಡು ಸಲ ನೋಡಬೇಕು. ಅಲ್ಲಿ ನಿಜವಾದ ಕಾದ ತಂತಿಯಿದೆ. ಒಮ್ಮೆ ಬಳಸಿದ ಚೀಲ ಒಳಗಿನ ತನಕ ತಣ್ಣಗಾಗುವ ಮೊದಲು ಮತ್ತೆ ಒಲೆಗಿಡಬಾರದು, ಒಂದೆರಡು ಗಂಟೆ ಬಿಡಬೇಕು. ಬಳಸಿದ್ದನ್ನು ಗಾಳಿಯಾಡುವ ಕಡೆ ತೂಗುಹಾಕಿದರೆ ಕಾಳು ಗಾಳಿಯಿಂದ ತೇವ ಮರಳಿ ಪಡೆಯುತ್ತದೆ. ಕಲಬುರಗಿಯ ಏಪ್ರಿಲ್ಲಿನಲ್ಲಿ ಇದು ನಿಧಾನ. ಅಲ್ಲಿಯವರು ಚೀಲದ ಪಕ್ಕ ಅರ್ಧ ಲೋಟ ನೀರಿಟ್ಟು ಬಿಸಿ ಮಾಡುವುದು ಕ್ಷೇಮ. ಮಂಗಳೂರಿನ ಜುಲೈಯಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ, ಬೂಷ್ಟು ಹಿಡಿಯದಂತೆ ಮುಚ್ಚಳದ ಡಬ್ಬದಲ್ಲಿಡಬೇಕು. ಅಡುಗೆಮನೆಯ ತಕ್ಕಡಿಯಿದ್ದರೆ ಹೊಸ ಚೀಲದ ತೂಕ ಬರೆದಿಡಿ. ತಿಂಗಳಿಗೊಮ್ಮೆ ತೂಗಿದರೆ ಎಷ್ಟು ನೀರು ಹೋಗಿದೆಯೆಂದು ಗೊತ್ತಾಗುತ್ತದೆ. 500 ಗ್ರಾಂ ರಾಗಿಯ ತೂಕ 30 ಗ್ರಾಂ ಇಳಿಯಿತೆಂದರೆ ಅರ್ಧ ನೀರು ಖಾಲಿ ಎಂದರ್ಥ. ಆ ರಾಗಿ ಬದಲಿಸಬೇಕು. ಸೀದ ವಾಸನೆ ಬಂದರೆ ತೂಗುವುದೂ ಬೇಡ, ಗಿಡದ ಬುಡಕ್ಕೆ ಸುರಿಯುವುದೇ ಸರಿ. ಹಳೆಯ ರಾಗಿಯನ್ನು ಮುದ್ದೆಗೆ ಉಪಯೋಗಿಸುವ ಯೋಚನೆ ಯಾರಿಗೂ ಬರದಿರಲಿ.

ಎಷ್ಟು ಬಿಸಿ ಸಾಕು?

ಸುಡುವಷ್ಟು ಬಿಸಿಯಿದ್ದರೇ ನೋವು ಹೋಗುತ್ತದೆಂದು ನಮ್ಮಲ್ಲಿ ನಂಬಿಕೆ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1947ರಲ್ಲಿ ಚರ್ಮ ಯಾವ ಬಿಸಿಗೆ ಎಷ್ಟು ಹೊತ್ತಿನಲ್ಲಿ ಸುಡುತ್ತದೆಂದು ಅಳೆದು ಪ್ರಕಟಿಸಿದರು. 60 ಡಿಗ್ರಿಯಾದರೆ ಐದೇ ಸೆಕೆಂಡು. 49 ಡಿಗ್ರಿಯಾದರೆ ಹತ್ತು ನಿಮಿಷದೊಳಗೆ. ಸುಮ್ಮನೆ ಹಿತವಾಗಿದೆ ಎನಿಸುವ 44 ಡಿಗ್ರಿ ಕೂಡ ಆರು ಗಂಟೆ ಒಂದೇ ಕಡೆ ಇದ್ದರೆ ಸುಡುತ್ತದೆ. ಚೀಲವನ್ನು ಗವಸಿನೊಳಗೆ ಹಾಕಿ, 15–20 ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ಇಡಬಾರದು ಎನ್ನುವುದು ಇದಕ್ಕಾಗಿ. ದಿನವೂ ಅದೇ ಜಾಗಕ್ಕೆ ಕಾವು ಕೊಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಫಿರನ್ ಒಳಗೆ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುವ ಕಾಶ್ಮೀರಿಗಳಲ್ಲಿ ವೈದ್ಯರು ಈ ಗುರುತನ್ನು ಬಹಳ ಹಿಂದಿನಿಂದ ಕಂಡಿದ್ದಾರೆ.

ಹೆಣ್ಣುಮಕ್ಕಳಿಗೆ, ಅದರಲ್ಲೂ ಪರೀಕ್ಷೆಯ ದಿನವೇ ಮುಟ್ಟಿನ ಹೊಟ್ಟೆನೋವು ಬಂದು ಕಂಗಾಲಾಗುವವರಿಗೆ, ಒಂದು ಸಮಾಧಾನದ ಸಂಗತಿಯಿದೆ. 2001ರಲ್ಲಿ ಅಮೆರಿಕದ ಪ್ರಸೂತಿ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಬ್ಬೊಟ್ಟೆಗೆ ಇಡೀ ದಿನ ಹದವಾದ ಕಾವು ಕೊಟ್ಟಾಗ ಅದು ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ತಗ್ಗಿಸಿತು. ಆ ಕಾವು ಎಷ್ಟಿತ್ತು ಗೊತ್ತೆ? 38.9 ಡಿಗ್ರಿ ಮಾತ್ರ. ಜ್ವರ ಬಂದವರ ಮೈ ಮುಟ್ಟಿದಂತೆ, ಅಷ್ಟೆ. ಆದರೆ ಹೊಟ್ಟೆನೋವಿಗೆಲ್ಲ ಇದೇ ಮದ್ದಲ್ಲ. ಹೊಟ್ಟೆಯ ಬಲಭಾಗದ ಕೆಳಗೆ ನೋವು ಏರುತ್ತಾ, ವಾಂತಿ ಜ್ವರ ಜೊತೆಗೂಡಿದರೆ ಅಪೆಂಡಿಸೈಟಿಸ್ ಇರಬಹುದು. ಚೀಲ ಬದಿಗಿಟ್ಟು ವೈದ್ಯರಲ್ಲಿಗೆ ಓಡಬೇಕು. ಆಟದ ಮೈದಾನದಲ್ಲಿ ಆಗತಾನೇ ಉಳುಕಿ ಊದಿಕೊಂಡ ಕಾಲಿಗೂ ಮೊದಲ ಒಂದೆರಡು ದಿನ ಮಂಜುಗಡ್ಡೆಯೇ ಸರಿ, ಕಾವಲ್ಲ. ಎಳೆಮಕ್ಕಳಿಗೆ ಈ ಚೀಲ ಬೇಡ. ‘ಸುಡ್ತಿದೆ’ ಎಂದು ಹೇಳಲು ಅವಕ್ಕೆ ಬಾಯಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಹಿರಿಯರ ಕಾಲಿಗೂ ಬೇಡ. ಅವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಗಾಯ ಮಾಯುವುದೂ ನಿಧಾನ.

ಪರೀಕ್ಷೆ ಮುಗಿದ ಮೇಲೆ ಬಿಡುವಿದ್ದರೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ರಾಗಿ, ಅಕ್ಕಿ, ಹುರುಳಿ ಒಂದೊಂದೂ ಅರ್ಧ ಕಿಲೊ, ಒಂದೇ ಅಳತೆಯ ಮೂರು ಚೀಲ. ಒಂದೇ ಬಿಸಿಗೆ ತಂದು, ನಡುವೆ ಉಷ್ಣಮಾಪಕ ಸಿಕ್ಕಿಸಿ, ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರೆ ನ್ಯೂಟನ್ನನ ತಂಪಾಗುವಿಕೆಯ ನಿಯಮ ಪುಸ್ತಕದಿಂದ ಹೊರಬಂದು ಅಡುಗೆಕಟ್ಟೆಯ ಮೇಲೆ ಕೂರುತ್ತದೆ. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ಬಾರದು, 42 ಡಿಗ್ರಿ ದಾಟಿದರೆ ಒಡೆದೀತು. ಪ್ರಯೋಗಶಾಲೆಯದು ಅಥವಾ ಅಡುಗೆಯದು ಬೇಕು. ಅದನ್ನೂ ಚೀಲ ಒಲೆಯಿಂದ ಹೊರಬಂದ ಮೇಲೆ ಮಾತ್ರ ಸಿಕ್ಕಿಸಬೇಕು.

ಇನ್ನು ಅಜ್ಜಿಯ ಉಪ್ಪಿನ ಗಂಟು. ಪರೀಕ್ಷೆಯ ಕಾಲದಲ್ಲೇ ಕರೆಂಟು ಕೈಕೊಡುವುದು ಹೊಸದೇನಲ್ಲ. ಅಂಥ ರಾತ್ರಿ ರಾಗಿ ಚೀಲವನ್ನು ಹೆಂಚಿನ ಮೇಲೆ ಇಡುವ ಸಾಹಸ ಬೇಡ, ಬಟ್ಟೆ ಸೀದುಹೋಗುತ್ತದೆ. ಬಾಣಲೆ, ಒಂದು ಬೊಗಸೆ ಕಲ್ಲುಪ್ಪು, ದಪ್ಪ ಹತ್ತಿ ಬಟ್ಟೆಯ ಎರಡು ತುಂಡು ಎಲ್ಲಿವೆಯೆಂದು ಅಜ್ಜಿಯನ್ನು ಕೇಳಿ ಇಟ್ಟುಕೊಂಡಿದ್ದರೆ ಆಯಿತು.